ಗಡುವಿನ ಆಟಕ್ಕೆ ಹೋದ ದುಂಡಪ್ಪ

ಹೂಂಗುಟ್ಟೋರು ಹೂಂಗುಟ್ಟಿ, ತೂಕಡಿಸೋರು ತೂಕಡಿಸಿ, ನಾನಂತೂ ಹೇಳುವವನೇ. ಒಂದು ಊರಿನಲ್ಲಿ ಕಾಶವ್ವ ಅಂತ ಒಬ್ಬಳು ತಾಯಿ, ದುಂಡಪ್ಪ ಅಂತ ಒಬ್ಬನೇ ಮಗ. ತಾಯಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ಮಗ ಇಪ್ಪತ್ತಾರು ವರ್ಷದ ಪೆದ್ದ. ಪೆದ್ದ ಅಂದರೆ ಕೆಟ್ಟವನಲ್ಲ ಮತ್ತೆ! ಹೇಳಿದ ಮಾತು ಮೀರುವವನಲ್ಲ, ಅದೇ ಅವನ ರೋಗ. ‘ಹಾಲು ಉಕ್ಕತೈತೇನೋ ನೋಡ್ಕೊಂತ ಕೂಡು’ ಅಂದರೆ ಹಾಲು ಉಕ್ಕಿ ಒಲೆ ಆರುವ ತನಕ ನೋಡುತ್ತ ಕೂಡುವವನು.

‘ಯಪ್ಪಾ ದೇವರ, ನಾ ಸತ್ತ ಮ್ಯಾಲೆ ಇದನ್ನ ಯಾರು ಜ್ವಾಕಿ ಮಾಡ್ತಾರೋ!’ ಅಂತ ಕಾಶವ್ವ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಅನ್ನದೆ ಏನು ಮಾಡ್ಯಾಳು? ಚಹಾದಂಗಡಿಯ ಕಟ್ಟೆಯ ಮೇಲೆ ದುಂಡಪ್ಪ ಕೂತರೆ ಉಳಿದವರು ಎದ್ದು ಹೋಗುತ್ತಿದ್ದರು. ಎದ್ದು ಹೋಗದಿದ್ದರೆ ಅವನನ್ನು ಆಡಿಕೊಂಡು ನಗುತ್ತಿದ್ದರು. ಒಬ್ಬನಾದರೂ ‘ಬಾ ದುಂಡಣ್ಣಾ’ ಅಂದವನಿಲ್ಲ.

ಹೀಗಿರುವಾಗ ಬಾಜೂ ಮನೆಯ ಹುಡುಗಿ ಗಂಡನ ಮನೆಗೆ ಹೋಗುವ ಮುಂಚೆ ಅವನ ಫೋನಿಗೆ ಒಂದು ಆಟ ಹಾಕಿಕೊಟ್ಟು ಹೋದಳು. ಬೆಳ್ಳಿಗಿರಿ ಅಂತ ಅದರ ಹೆಸರು. ಎಲ್ಲೆಲ್ಲಿಯವರೋ ಏಳು ಮಂದಿ ಸೇರಿ ಒಂದು ಗುಂಪು, ಒಬ್ಬೊಬ್ಬರಿಗೆ ಒಂದೊಂದು ಗೊಂಬೆ. ಫೋನಿನಲ್ಲೇ ಮಾತಾಡುತ್ತ ಗೊಂಬೆ ಓಡಿಸುವುದು. ಗುಂಪಿನ ಮುಖಂಡ ಹಂಪಣ್ಣ ಮಾಸ್ತರ, ಹೆಂಡತಿ ತೀರಿಕೊಂಡು ಒಂಟಿಯಾದ ಮನುಷ್ಯ. ಇನ್ನೊಬ್ಬಳು ಸುಲೋಚನಾ, ಯಾವುದೋ ಊರಿನ ದವಾಖಾನೆಯಲ್ಲಿ ನರ್ಸು. ಇವರು ದುಂಡಪ್ಪನ ಮುಖ ಕಂಡವರಲ್ಲ. ಮೊದಲ ದಿನವೇ ಮಾಸ್ತರ ‘ಬಾರಪ್ಪಾ ದುಂಡಣ್ಣಾ, ಊಟ ಆತೇನು?’ ಅಂದರು. ರೊಟ್ಟಿ ಬಡಿಯುತ್ತಿದ್ದ ಕಾಶವ್ವ ಆ ಮಾತು ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಏಳು ಮಂದಿಯ ಗುಂಪು ಮಗನ ಕೈ ಬಿಡದಿದ್ದರೆ ಸಾಕು, ತಾನು ನೆಮ್ಮದಿಯಿಂದ ಸತ್ತೇನು ಅಂದುಕೊಂಡಳು.

ಆದರೆ ಆಟ ಸುಮ್ಮನೆ ಆಟವಾಗಿ ಉಳಿಯಬೇಕಲ್ಲ! ಅದಕ್ಕೆ ಗಡುವು ಬಂತು. ಇಷ್ಟು ದಿನದೊಳಗೆ ಇದನ್ನು ಮಾಡಿ, ಇಷ್ಟು ತಾಸಿನೊಳಗೆ ಅದನ್ನು ಮಾಡಿ ಅಂತ ಮೇಲ್ಗಡೆ ಒಂದು ಗಡಿಯಾರ ಟಿಕ್ ಟಿಕ್ ಓಡುತ್ತಿತ್ತು. ಆಡುವವರಿಗೆ ಗಡುವು ಇಡುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಬಂತೋ, ಅವನ ಮನೆ ತಣ್ಣಗಿರಲಿ.

ಮಾಸ್ತರರಿಗೆ ಗಡುವು ಅಂದರೆ ಜೀವ. ‘ಗಡುವಿದ್ರ ಎಲ್ಲಾರೂ ಸೇರ್ತೀರಿ. ಇಲ್ಲಂದ್ರ ನಾ ಒಬ್ಬಾವನ ಕುಂದ್ರತೀನಿ’ ಅನ್ನುವರು. ಸುಲೋಚನಾಗೆ ಗಡುವು ಅಂದರೆ ಮೈ ಉರಿ. ‘ದವಾಖಾನ್ಯಾಗೂ ಗಡಿಯಾರ, ಇಲ್ಲೂ ಗಡಿಯಾರ! ಆಡಾಕ ಬಂದೀನ್ರಿ, ದುಡಿಯಾಕಲ್ಲ’ ಅನ್ನುವಳು. ದುಂಡಪ್ಪನಿಗೆ ಮಾಸ್ತರ ಹೇಳಿದ್ದೂ ಖರೆ, ಅಕ್ಕಾರು ಹೇಳಿದ್ದೂ ಖರೆ.

ಮೊದಲ ಗಡುವು ಮೂರು ದಿನದ್ದು. ನೂರು ಬೆಳ್ಳಿ ಹೂ ಕೂಡಿಸಬೇಕು. ‘ಕಣ್ಣಿಗೆ ಬಿದ್ದ ಹೂವೆಲ್ಲಾ ಕೊಯ್ಕೊಂಡು ಬಾ ದುಂಡಣ್ಣಾ’ ಅಂದರು ಮಾಸ್ತರ. ದುಂಡಪ್ಪ ಹೊರಟ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸುಲೋಚನಾ ಆಟದೊಳಗೇ ಎರಡು ತಿಂಗಳು ನೀರುಣಿಸಿ ಬೆಳೆಸಿದ ಕೈತೋಟ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಬಿಡುತ್ತಾನೆಯೇ? ಬುಡ ಬೋಳಾಗುವ ಹಾಗೆ ಕೊಯ್ದು ತಂದ.

‘ಅಯ್ಯ ನನ್ನ ತ್ವಾಟ! ಏನ್ ಮಾಡಿದೋ ತಮ್ಮಾ!’ ಅಂತ ಫೋನಿನಲ್ಲಿ ಸುಲೋಚನಾ ಕೂಗಿಕೊಂಡಳು. ಇತ್ತ ಕಾಶವ್ವ ಲಟ್ಟಣಿಗೆ ಎತ್ತಿಕೊಂಡು ಬಂದಳು.

‘ಹುಚ್ಚ ಖೋಡೀ! ಮಂದೀ ವಸ್ತು ಮುಟ್ಟೂ ಮುಂದ ಕೇಳಬೇಕಿಲ್ಲೋ? ಮೊದಲ ಕೇಳು, ಅವರು ಹೂಂ ಅಂದ್ರ ಮುಟ್ಟು!’

‘ಹೂಂ ಯವ್ವಾ, ಹಂಗ ಮಾಡ್ತೀನಿ.’

ಎರಡನೆಯ ಗಡುವು ಒಂದೇ ತಾಸಿನದು. ಬೆಟ್ಟ ಸೀಳಿಕೊಂಡು ಒಬ್ಬ ರಾಕ್ಷಸ ಬಂದ. ಏಳೂ ಮಂದಿ ಹೊಡೆದರೆ ಬೀಳುತ್ತಾನೆ, ಆರು ಮಂದಿ ಹೊಡೆದರೆ ಬೀಳುವುದಿಲ್ಲ. ಆರು ಮಂದಿ ಹೊಡೆದರು. ದುಂಡಪ್ಪ ರಾಕ್ಷಸನ ಕಾಲ ಬಳಿ ನಿಂತು ವಿನಯದಿಂದ ಕೇಳಿದ, ‘ಯಜಮಾನ್ರ, ನಿಮಗ ಒಂದೇಟು ಹೊಡೀಲೇನ್ರಿ?’

ರಾಕ್ಷಸ ಹೂಂ ಅನ್ನಲಿಲ್ಲ. ದುಂಡಪ್ಪ ಮತ್ತೆ ಕೇಳಿದ. ರಾಕ್ಷಸ ಮತ್ತೂ ಹೂಂ ಅನ್ನಲಿಲ್ಲ. ತಾಸು ಮುಗಿಯಿತು, ರಾಕ್ಷಸ ಬಂದ ದಾರಿ ಹಿಡಿದು ಹೋದ. ಮಾಸ್ತರ ಆವತ್ತು ‘ಊಟ ಆತೇನು?’ ಅಂತ ಕೇಳದೆ ಹೋದರು. ಅದು ಕಾಶವ್ವನಿಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ತಂದಿತು.

‘ರಾಕ್ಷಸನ್ನ ಕೇಳ್ತಾರೇನೋ ಮಂಗ್ಯಾ!’

‘ಕೇಳು ಅಂದಾಕಿ ನೀನ ಅಲ್ಲೇನವಾ?’

‘ಗಡಿಯಾರ ಓಡಾಕತ್ತಿದ್ರ ಯಾರನ್ನೂ ಕೇಳಬ್ಯಾಡ! ಕೈಯಾಗಿಂದು ಅಲ್ಲೇ ಒಗದು ಓಡು!’

‘ಹೂಂ ಯವ್ವಾ, ಹಂಗ ಮಾಡ್ತೀನಿ.’

ಮೂರನೆಯ ಗಡುವು ದೀಪದ್ದು. ಏಳು ಮಂದಿ ಏಳು ದೀಪ ಹಿಡಿದು ಗುಡ್ಡದ ಮೇಲೆ ಅರ್ಧ ತಾಸು ಅಲುಗದೆ ನಿಲ್ಲಬೇಕು. ಒಂದು ಆರಿದರೆ ಏಳೂ ಆರಿದ ಹಾಗೆ. ಸುಲೋಚನಾ ಒಲ್ಲೆ ಒಲ್ಲೆ ಅನ್ನುತ್ತಲೇ ಡ್ಯೂಟಿ ಮುಗಿಸಿ ಉಣ್ಣದೆ ಬಂದಿದ್ದಳು. ಇಪ್ಪತ್ತೆಂಟು ನಿಮಿಷ ನಿಂತರು. ಆಗ ದುಂಡಪ್ಪ ತಲೆ ಎತ್ತಿ ನೋಡಿದ. ಗಡಿಯಾರ ಓಡುತ್ತಿದೆ! ಅವ್ವ ಏನು ಹೇಳಿದ್ದಳು? ಕೈಯಲ್ಲಿದ್ದದ್ದು ಅಲ್ಲೇ ಒಗೆದು ಓಡು ಅಂದಿದ್ದಳು. ದೀಪ ಒಗೆದ, ಓಡಿದ. ಗುಡ್ಡದ ಕೆಳಗೆ ಹೋಗಿ, ‘ನಾ ಎಲ್ಲಾರಕಿಂತ ಮೊದಲ ಬಂದ್ನಿ!’ ಅಂತ ಕೂಗಿದ.

ಗುಡ್ಡದ ಮೇಲೆ ಏಳೂ ದೀಪ ಆರಿದ್ದವು. ‘ಈ ಗಡುವಿನ ಸಲುವಾಗಿ ಒಬ್ಬರ ಮೋತಿ ಒಬ್ಬರು ನೋಡದಂಗ ಆಗೇತಿ. ಸಾಕ್ರೀ ನನಗ!’ ಅಂದಳು ಸುಲೋಚನಾ. ‘ಆ ಹುಡುಗನ್ನ ತಗದು ಬ್ಯಾರೆಯವ್ರನ್ನ ಹಾಕ್ಕೊಳ್ರಿ’ ಅಂದಿತು ಇನ್ನೊಂದು ದನಿ. ಮಾಸ್ತರ, ‘ಇನ್ನೊಂದು ಸಲ ನೋಡೂಣು’ ಅಂದರು.

ಕಾಶವ್ವ ಆವತ್ತು ಲಟ್ಟಣಿಗೆ ಹಿಡಿಯಲಿಲ್ಲ. ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಎರಡೂ ಕೆನ್ನೆ ಹಿಡಿದಳು.

‘ಕೇಳು ನನ್ನಪ್ಪಾ. ಇನ್ನ ಮುಂದ ನಾ ನಿನ್ನ ಬಾಜೂಕ ಕೂತಿರ್ತೀನಿ. ನಾ ಬಾಯಿ ಬಿಟ್ಟು ಕೂಗಿದ್ರ ಹೆಜ್ಜಿ ಇಡು. ನಾ ಕೂಗದ ಇದ್ರ ನಿಂತಲ್ಲೇ ನಿಂದ್ರು. ಯಾರು ಏನ ಅಂದ್ರೂ ಕಾಲು ಕೀಳಬ್ಯಾಡ. ತಿಳೀತೇನು?’

‘ಹೂಂ ಯವ್ವಾ, ಹಂಗ ಮಾಡ್ತೀನಿ.’

ಹಾಗೇ ಮಾಡಿದ. ಮುಂದಿನ ಗಡುವಿಗೆ ಕಾಶವ್ವ ಹಿಟ್ಟಿನ ಕೈಯಲ್ಲೇ ಮಗನ ಮಗ್ಗುಲಲ್ಲಿ ಕೂತಳು. ಫೋನಿನಲ್ಲಿ ಮಾಸ್ತರ ಹೇಳುವರು, ಇವಳು ‘ನಡಿ!’ ಅಂತ ಕೂಗುವಳು, ಅವನು ನಡೆಯುವನು. ಇವಳು ಸುಮ್ಮನಾದರೆ ಅವನು ನಿಲ್ಲುವನು. ಗಡುವಿಗೆ ಮೊದಲೇ ಕೆಲಸ ಆಯಿತು! ‘ಭಲೇ ದುಂಡಣ್ಣಾ!’ ಅಂದರು ಎಲ್ಲರೂ. ‘ಅವ್ವಾರ, ನಮ್ಮ ಗುಂಪಿಗೆ ಎಂಟನೇದವ್ರು ನೀವ ನೋಡ್ರಿ’ ಅಂತ ಸುಲೋಚನಾ ನಕ್ಕಳು. ಹುಟ್ಟಿದಾಗಿನಿಂದ ಬೈಸಿಕೊಳ್ಳದೆ ದುಂಡಪ್ಪ ಉಂಡದ್ದು ಆವತ್ತು ಒಂದೇ ಹೊತ್ತು. ಕಾಶವ್ವ ಅವನಿಗೆ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಕೊಟ್ಟಳು.

ಆಮೇಲೆ ಕಡೆಯ ಗಡುವು ಬಂತು. ಹಳೆಯ ಬೆಳ್ಳಿಗಿರಿ ಮುಳುಗುತ್ತದೆಯಂತೆ. ನಾಳೆ ನಾಲ್ಕು ಗಂಟೆಯೊಳಗೆ ಸೇತುವೆ ದಾಟಿ ಆಚೆ ನಾಡಿಗೆ ಹೋದವರು ಉಳಿದರು, ಈಚೆ ಉಳಿದವರು ಅಳಿದರು. ಒಮ್ಮೆ ಅಳಿದರೆ ಮತ್ತೆ ಗುಂಪು ಸೇರುವ ಹಾಗಿಲ್ಲ. ‘ನಾಳೆ ಎಲ್ಲಾರೂ ಕೂಡೇ ದಾಟೂಣು’ ಅಂದರು ಮಾಸ್ತರ. ಕಾಶವ್ವ ಮಗನ ಗೊಂಬೆಯನ್ನು ಸೇತುವೆಯ ಈಚೆ ತುದಿಗೆ ನಡೆಸಿ ನಿಲ್ಲಿಸಿದಳು. ‘ಇಲ್ಲೇ ನಿಂದ್ರು. ನಾಳೆ ನಾ ಕೂಗ್ತೀನಿ’ ಅಂದು, ಹಂಚು ಇಳಿಸಲು ಎದ್ದಳು. ಎದ್ದವಳು ಹಾಗೇ ಒಲೆಯ ಮುಂದೆ ಬಿದ್ದಳು.

ಲಕ್ವಾ ಹೊಡೆದಿತ್ತು. ಬಲಗೈ ಹೋಯಿತು, ಬಲಗಾಲು ಹೋಯಿತು, ಬಾಯಿ ಹೋಯಿತು. ಬಾಜೂ ಮನೆಯವರು ಆಟೋದಲ್ಲಿ ದವಾಖಾನೆಗೆ ಒಯ್ದು ಮಲಗಿಸಿದರು. ಕಿವಿ ಕೇಳುತ್ತಿತ್ತು, ಕಣ್ಣು ಕಾಣುತ್ತಿತ್ತು, ಎಡಗೈ ಅಷ್ಟಿಷ್ಟು ಆಡುತ್ತಿತ್ತು. ನಾಲಿಗೆ ಮಾತ್ರ ಬಾಯಲ್ಲಿ ಕಲ್ಲಾಗಿ ಬಿದ್ದಿತ್ತು.

ಮರುದಿನ ಮೂರೂಮುಕ್ಕಾಲಿಗೆ ದುಂಡಪ್ಪ ಸ್ಟೂಲಿನ ಮೇಲೆ ಕೂತು ಫೋನು ತೆರೆದ. ಗೊಂಬೆ ಸೇತುವೆಯ ಈಚೆ ನಿಂತಿತ್ತು. ಆರು ಮಂದಿ ಆಚೆ ಸೇರಿದ್ದರು.

‘ದಾಟೋ ದುಂಡಣ್ಣಾ!’ ಅಂದರು ಮಾಸ್ತರ.

‘ಅವ್ವ ಕೂಗಬೇಕ್ರಿ.’

‘ಅವ್ವಾರಿಗೆ ಹೇಳು, ಕೂಗಂತ!’

‘ಅವ್ವಗ ಲಕ್ವಾ ಹೊಡದೈತ್ರಿ. ಕೂಗವಲ್ಲಳು.’

ಆಚೆಯಿಂದ ಸುಲೋಚನಾ, ಗಡುವು ಅಂದರೆ ಉರಿದು ಬೀಳುವ ಸುಲೋಚನಾ, ‘ತಮ್ಮಾ, ಲಗೂ ಬಾರೋ! ಹದಿನೈದ ನಿಮಿಷ ಉಳಿದೈತಿ, ಓಡೋ!’ ಅಂತ ಅಳುತ್ತ ಕೂಗಿದಳು. ಗಡುವು ಅಂದರೆ ಜೀವ ಬಿಡುವ ಮಾಸ್ತರ, ‘ಇದರ ಗಡಿಯಾರಕ್ಕ ಬೆಂಕಿ ಹತ್ತಲಿ! ಒಂದ ದಿನ ತಡಿಯಾಕ ಏನಾಗೇತಿ ಇದಕ್ಕ!’ ಅಂತ ಬೈದರು. ಯಾರು ಬೈದರೆ ಏನು, ಅತ್ತರೆ ಏನು? ಗಡಿಯಾರಕ್ಕೆ ಕಿವಿ ಇಲ್ಲ.

ಕಾಶವ್ವ ಎಲ್ಲ ಕೇಳುತ್ತಿದ್ದಳು. ಹೋಗೋ ಮಗನೇ ಅಂತ ಎದೆಯೊಳಗೆ ಕೂಗಿದಳು. ಹೋಗೋ, ನನ್ನ ಮಾತು ಮೀರೋ, ಹುಟ್ಟಿದಾಗಿನಿಂದ ಒಂದೇ ಒಂದು ಸಲ ನನ್ನ ಮಾತು ಮೀರೋ! ಎದೆಯಲ್ಲಿದ್ದದ್ದು ಬಾಯಿಗೆ ಬರಲಿಲ್ಲ. ಎಡಗೈ ಎತ್ತಿ ಆಡಿಸಿದಳು, ಹೋಗು ಹೋಗು ಅಂತ ಅವನ ಭುಜ ನೂಕಿದಳು. ದುಂಡಪ್ಪ ಆ ಕೈ ಹಿಡಿದು ಮೆತ್ತಗೆ ಹಾಸಿಗೆಯ ಮೇಲಿಟ್ಟ.

‘ಕೈ ಮಾಡಿದ್ರ ನಡಿಯಂಗಿಲ್ಲವಾ. ಬಾಯಿ ಬಿಟ್ಟು ಕೂಗಿದ್ರ ಅಂದಿದ್ದಿ. ಅವಸರಿಲ್ಲ, ನಿನಗ ಬಂದಾಗ ಕೂಗು. ನಾ ನಿಂತಿರ್ತೀನಿ.’

ನಾಲ್ಕು ಹೊಡೆಯಿತು. ಫೋನಿನಲ್ಲಿ ನೀರು ಬಂತು. ಸೇತುವೆ ಮುಳುಗಿತು, ಗೊಂಬೆ ಮುಳುಗಿತು, ‘ದುಂಡಣ್ಣಾ’ ಅನ್ನುತ್ತಿದ್ದ ದನಿಗಳೂ ನಿಂತವು. ಪರದೆ ಕಪ್ಪಾಯಿತು.

‘ನೋಡವ್ವಾ,’ ಅಂತ ಅವನು ಕಪ್ಪು ಫೋನನ್ನು ತಾಯಿಯ ಮುಖದ ಮುಂದೆ ಹಿಡಿದ. ‘ಒಂದ ಹೆಜ್ಜಿನೂ ಇಡಲಿಲ್ಲ ನಾ. ಈ ಸಲಾನೂ ತಪ್ಪಾತೇನು? ತಪ್ಪಾಗಿದ್ರ ಬೈಯವಾ.’

ಕಾಶವ್ವನ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ಅವನು ತನ್ನ ಅಂಗಿಯ ಚುಂಗಿನಿಂದ ಒರೆಸಿದ.

ಅಷ್ಟರಲ್ಲಿ ಆಯಾ ಬಂದು ಚಪ್ಪಾಳೆ ತಟ್ಟಿದಳು. ‘ನಾಕ ಆತು! ರೋಗಿ ನೋಡಾಕ ಬಂದಾವ್ರ ಟೈಮ್ ಮುಗೀತು, ನಡ್ರಿ ಎಲ್ಲಾರೂ ಹೊರಗ!’ ಉಳಿದವರೆಲ್ಲ ಚೀಲ ತಗೊಂಡು ಎದ್ದರು. ದುಂಡಪ್ಪ ಏಳಲಿಲ್ಲ.

‘ಏ, ನಿನಗ ಹೇಳಿದ್ದು! ಏಳು!’

‘ಅವ್ವ ಕೂಗಬೇಕ್ರಿ.’

‘ಆಕಿಗೆ ಬಾಯಿ ಎಲ್ಲೈತೋ ಹುಚ್ಚಾ!’

‘ಬರೂತನ ಇರ್ತೀನ್ರಿ.’

ಆಯಾ ಬೈದಳು, ರಟ್ಟೆ ಹಿಡಿದು ಎಳೆದಳು, ಇನ್ನೊಬ್ಬಳನ್ನು ಕರೆತರುತ್ತೇನೆ ಅಂತ ಹೋದಳು. ಅವನು ಸ್ಟೂಲು ಬಿಟ್ಟು ಅಲುಗಲಿಲ್ಲ. ಕಾಶವ್ವನ ಎಡಗೈ ಮತ್ತೆ ಮೆಲ್ಲಗೆ ಎದ್ದಿತು. ಈ ಸಲ ಅದು ಹೋಗು ಅನ್ನಲಿಲ್ಲ. ತಡಕಾಡಿ ತಡಕಾಡಿ ಮಗನ ಅಂಗಿಯ ತುದಿ ಹಿಡಿದುಕೊಂಡಿತು.

ತಾಯಿ ಕೂಗಲಿಲ್ಲ, ಮಗ ಏಳಲಿಲ್ಲ. ಎದ್ದು ಮನೆಗೆ ಹೋಗುವ ಜಾಣರು ನಾವೇ.