ಎರಡು ಸೇರಿನ ಶಾಸನ

"ಕೇಳಿರಿ, ಕೇಳಿರಿ! ರಾಣಿ ಕೆಂಚಾಂಬೆಯವರ ಮೂರು ಒಗಟು ಬಿಡಿಸಿದವರು ಬೇಡಿದ ಒಂದು ಮಾತು ಈ ರಾಜ್ಯದ ಕಾನೂನಾಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಬಿಳಿಗಲ್ಲುದುರ್ಗದ ಬೀದಿಬೀದಿಯಲ್ಲಿ ಡಂಗುರ ಹೊಡೆದರು. ತನಗೊಂದು ಕಾನೂನು, ತನ್ನ ಭಾವಮೈದುನನಿಗೊಂದು ಕಾನೂನು ಬೇಕು ಎಂದು ದಿನಾ ಬಾಗಿಲು ಬಡಿಯುವ ದೊಡ್ಡವರ ಕಾಟಕ್ಕೆ ರೋಸಿ ರಾಣಿ ಹೀಗೆ ಮಾಡಿದ್ದಳು.

ಆಗ ದುರುಗ ಎಂಬ ಕೂಲಿಯಾಳು ಕೋಟೆಗೋಡೆಗೆ ಕಲ್ಲು ಹೊರುತ್ತಿದ್ದ. ಅವನು ಮದುವೆಯಾಗಬೇಕಿದ್ದ ಹುಲಿಗಿ ಅಲ್ಲೇ ಗಾರೆ ಹೊರುತ್ತಿದ್ದಳು. ದಿನದ ಕೂಲಿ ಒಂದು ಸೇರು ಜೋಳ. ಗುತ್ತಿಗೆದಾರ ಅಡಿವೆಪ್ಪ ಆ ವಾರ ಅದನ್ನು ಅರ್ಧ ಸೇರಿಗೆ ಇಳಿಸಿದ್ದ. "ಒಲ್ಲೆ ಅನ್ನೋರು ಹೋಗ್ರಿ, ಬರೋರು ನೂರು ಮಂದಿ ಇದ್ದಾರೆ" ಅಂದಿದ್ದ.

"ನಾನು ಅರಮನೆಗೆ ಹೋಗ್ತೀನಿ" ಎಂದ ದುರುಗ.

"ನೀನಿದ್ರೆ ಅರ್ಧ ಸೇರಾದ್ರೂ ಹಂಚಿಕೊಂಡು ಉಣ್ಣಬಹುದು. ನೀನಿಲ್ದೆ ನಾನೇನು ಉಣ್ಲಿ?" ಎಂದು ಹುಲಿಗಿ ಅತ್ತಳು. ಆದರೂ ಮರುದಿನ ತಾನೇ ಅವನ ತಲೆಗೆ ರುಮಾಲು ಸುತ್ತಿ, ಜೊತೆಗೆ ನಡೆದಳು.

ಅರಮನೆಯಲ್ಲಿ ಅವನಿಗಿಂತ ಮುಂದೆ ಮೂವರು ನಿಂತಿದ್ದರು: ಒಬ್ಬ ಸಾಹುಕಾರ, ಒಬ್ಬರು ಪಂಡಿತರು, ಸೇನಾಪತಿಯ ಮಗ. ರಾಣಿ ಒಬ್ಬೊಬ್ಬರಿಗೂ ಮೂರರಲ್ಲಿ ಒಂದೊಂದು ಒಗಟನ್ನು ಮೊದಲು ಕೇಳಿದಳು.

"ಬೆವರಿಗೆ ಹುಟ್ಟಿದ ಮಗು, ಸಂಜೆಗೆ ತಾನೇ ತಾಯಿಯಾಗಿ ಮನೆಮಂದಿಗೆ ಉಣಿಸುತ್ತದೆ. ಏನದು?"

"ಉಪ್ಪು" ಎಂದ ಸಾಹುಕಾರ. ಕಾವಲುಗಾರರು ಅವನನ್ನು ಎಳೆದೊಯ್ದರು.

"ಖಾಲಿಯಾದಷ್ಟೂ ಭಾರವಾಗುವುದು ಯಾವುದು?"

"ದಡ್ಡನ ತಲೆ" ಎಂದು ಪಂಡಿತರು ನಕ್ಕರು. ರಾಣಿ ನಗಲಿಲ್ಲ, ಅವರನ್ನೂ ಸೆರೆಗೆ ಕಳಿಸಿದಳು.

"ಬಾಯಿಲ್ಲ, ತಲೆಮಾರುಗಳಿಗೆ ಮಾತಾಡುತ್ತದೆ. ಕೈಯಿಲ್ಲ, ದೊರೆಯ ಕೈಯನ್ನೇ ಹಿಡಿದು ನಿಲ್ಲಿಸುತ್ತದೆ. ಏನದು?"

"ಖಡ್ಗ!" ಎಂದ ಸೇನಾಪತಿಯ ಮಗ. ಅವನೂ ಸೆರೆಮನೆ ಸೇರಿದ.

ದುರುಗನ ಸರದಿ ಬಂತು. ಕೇಳಿಸಿಕೊಂಡಿದ್ದ ಮೂರೂ ಒಗಟಿಗೆ ಉತ್ತರ ಹೇಳಲು ಅವನು ಮುಂದೆ ಬಂದ.

"ತಾಯೀ, ಮೊದಲನೇದು ಕೂಲಿ. ಬೆವರು ಹರಿಸಿದ್ರೆ ಹುಟ್ಟುತ್ತೆ, ಸಂಜೆ ಮನೆಗೆ ಬಂದು ಎಲ್ಲರ ಹೊಟ್ಟೆ ತುಂಬಿಸುತ್ತೆ. ಎರಡನೇದು ಹೊಟ್ಟೆ. ಖಾಲಿ ಹೊಟ್ಟೇಲಿ ಕಲ್ಲು ಹೊತ್ತು ನೋಡಿ, ಕಲ್ಲಿಗಿಂತ ಅದೇ ಭಾರ."

ಮೂರನೆಯದಕ್ಕೆ ಅವನು ತಲೆ ತಗ್ಗಿಸಿ ಯೋಚಿಸಿದ. ಹುಲಿಗಿ ಸೆರಗು ಕಚ್ಚಿಕೊಂಡಳು. ದುರುಗ ತಲೆಯೆತ್ತಿದ.

"ಶಾಸನ, ತಾಯೀ. ಕೆರೆ ಏರಿ ಮೇಲೊಂದು ನಿಂತಿದೆ. ನನಗೆ ಓದಲು ಬರಲ್ಲ. ಕೆರೆಯ ಕಲ್ಲು ಯಾರೂ ಕೀಳಬಾರದು ಅಂತ ಕೆತ್ತಿದೆಯಂತೆ. ಅದಕ್ಕೇ ನೀವೂ ಅಲ್ಲಿ ಕೈಯಿಡದೆ ಕೋಟೆಗೆ ದೂರದ ಗುಡ್ಡದಿಂದ ಕಲ್ಲು ತರಿಸ್ತೀರಿ. ನಾವು ಹೊತ್ತು ಸಾಯ್ತೀವಿ."

ರಾಣಿ ಗಟ್ಟಿಯಾಗಿ ನಕ್ಕಳು. "ಮೂರೂ ಸರಿ. ಏನು ಬೇಕು, ಕೇಳು."

"ದಿನವಿಡೀ ದುಡಿದವರಿಗೆ, ಗಂಡಾಗಲಿ ಹೆಣ್ಣಾಗಲಿ, ಎರಡು ಸೇರಿಗಿಂತ ಕಡಿಮೆ ಕೂಲಿ ಯಾರೂ ಕೊಡಬಾರದು."

"ಕೂಲಿ ಏರಿದರೆ ಯಾರೂ ಆಳು ಕರೆಯುವುದಿಲ್ಲ, ಕೆಲಸವೇ ನಿಲ್ಲುತ್ತದೆ!" ಎಂದು ಮಂತ್ರಿ ಎದ್ದ.

"ಸ್ವಾಮಿ, ಒಬ್ಬರೇ ಏರಿಸಿದ್ರೆ ಅವರಿಗೆ ನಷ್ಟ. ಎಲ್ಲರಿಗೂ ಒಂದೇ ಕಾನೂನಾದ್ರೆ ಯಾರು ಯಾರಿಗೆ ಹೆದರಬೇಕು? ನಮ್ಮ ಕೈಲಿ ಜೋಳ ಮಿಕ್ಕರೆ ನಾವೂ ಸಂತೆಯಲ್ಲಿ ಬಟ್ಟೆ, ಬೆಲ್ಲ ಕೊಳ್ತೀವಿ."

ಸಭೆಯಲ್ಲಿ ಒಪ್ಪಿಗೆಗೆ ಒಂದೊಂದೇ ಕೈ ಮೇಲೆದ್ದಿತು, ಕೊನೆಗೆ ಮಂತ್ರಿಯದೂ. ಶಾಸನ ಕೆತ್ತಲು ಅಪ್ಪಣೆಯಾಯಿತು. ಸೆರೆಯಲ್ಲಿದ್ದ ಮೂವರ ತಲೆ ಉಳಿಸಬೇಕೆಂದು ದುರುಗ ಕೈಮುಗಿದ. ರಾಣಿ ಅವರನ್ನು ಬಿಡಿಸಿ, ದುರುಗನನ್ನೇ ರಾಜ್ಯದ ಕೂಲಿ ಮೇಲ್ವಿಚಾರಕನನ್ನಾಗಿ ಮಾಡಿದಳು.

ಹೊಸ ಕೂಲಿಯ ಮೊದಲ ದಿನ ರಾಣಿ ತಾನೇ ಕೋಟೆಗೆ ಬಂದು ಸೇರು ಹಿಡಿದಳು. ಹುಲಿಗಿ ಸೆರಗೊಡ್ಡಿ, ಸೇರಿನೊಳಗೆ ನೋಡಿ ಹೇಳಿದಳು: "ತಾಯೀ, ಸೇರನ್ನ ಸ್ವಲ್ಪ ತಟ್ಟಿ ಅಳೀರಿ."

ಇಷ್ಟು ದಿನ ತಟ್ಟದೆ ಅಳೆದು ಕಾಳು ಉಳಿಸುತ್ತಿದ್ದ ಅಡಿವೆಪ್ಪನ ಮುಖ ಬಿಳಿಚಿತು. ರಾಣಿ ನಗುತ್ತ ಸೇರು ತಟ್ಟಿದಳು, ಕಾಳು ಕುಸಿಯಿತು. ಮೇಲೆ ಇನ್ನೊಂದು ಹಿಡಿ ಸುರಿದಳು. ಅವತ್ತಿನಿಂದ ಆ ಸೀಮೆಯಲ್ಲಿ ಯಾರೂ ಸೇರು ತಟ್ಟದೆ ಕೂಲಿ ಅಳೆಯಲಿಲ್ಲ.