ಓಬಮ್ಮನ ಎಂಟು ಹಾಡಿನ ಪ್ಲೇಟು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂದೆ ಒಂದು ಓಣಿ, ಆ ಓಣಿಯಲ್ಲಿ ಓಬಮ್ಮ ಅಂತ ಒಬ್ಬಳು, ಓಬಮ್ಮನಿಗೆ ತಿಪ್ಪೇಶಿ ಅಂತ ಒಬ್ಬನೇ ಮಗ. ಮಗ ಎತ್ತಿನಂಥ ಆಳು. ಕಡ್ಲೆಕಾಯಿ ಮೂಟೆ ಎರಡನ್ನು ಒಟ್ಟಿಗೆ ಹೊತ್ತುಕೊಂಡು ನಡೆಯೋನು. ಆದರೆ ಹೇಳಿದ ಮಾತು ಅವನ ಕಿವಿಯಿಂದ ನೇರ ಕೈಗೆ ಇಳಿಯುತ್ತಿತ್ತು, ನಡುವೆ ತಲೆಯಲ್ಲಿ ಒಂದು ಗಳಿಗೆಯೂ ತಂಗುತ್ತಿರಲಿಲ್ಲ. ಬಾಗಿಲು ನೋಡ್ಕೋ ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತಾ ಕೂರೋನು.

ಓಬಮ್ಮನ ಗಂಡ ಮಾರಣ್ಣ ಟೂರಿಂಗ್ ಟಾಕೀಸಿನಲ್ಲಿದ್ದವನು. ಆಟ ಶುರುವಾಗೋ ಮುಂಚೆ ಊರಿಗೆಲ್ಲ ಕೇಳೋ ಹಂಗೆ ಹಾಡು ಹಾಕೋದು ಅವನ ಕೆಲಸ. ಡೇರೆ ಕಿತ್ತ ವರ್ಷ ಮಾಲೀಕರು ಹಾಡಿನ ಪೆಟ್ಟಿಗೆಯನ್ನೂ ಎಂಟು ಕರೀ ಪ್ಲೇಟುಗಳನ್ನೂ ಅವನಿಗೇ ಕೊಟ್ಟುಬಿಟ್ಟರು. ಊರಿಗೆಲ್ಲ ಕೇಳುತ್ತಿದ್ದ ಹಾಡು ಅವತ್ತಿನಿಂದ ಒಂದು ಅಂಕಣದ ಮನೆಯೊಳಗೆ ಸಣ್ಣ ದನಿಯಲ್ಲಿ ಕೇಳತೊಡಗಿತು. ಮಧ್ಯಾಹ್ನ ಉಂಡು ಗಂಡ ಹೆಂಡಿರು ಒಂದೇ ಚಾಪೆಯ ಮೇಲೆ ಕೂರೋರು. ಅವನು ಪ್ಲೇಟಿನ ಮೇಲೆ ಮುಳ್ಳು ಇಡೋನು, ಅವಳು ಎಲೆ ಅಡಿಕೆ ಮಡಿಸೋಳು. ಹಾಡು ಶುರುವಾಗೋ ಮುಂಚೆ ಪ್ಲೇಟು ಚರಚರ ಅನ್ನುತ್ತದಲ್ಲ, ಒಗ್ಗರಣೆ ಸಿಡಿದ ಹಂಗೆ, ಓಬಮ್ಮನಿಗೆ ಹಾಡಿಗಿಂತ ಅದೇ ಇಷ್ಟ. ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾಯೋದರಲ್ಲಿ ಅವಳಿಗೆ ಒಂಥರಾ ಸುಖ.

ಮಾರಣ್ಣ ಕಾಮಾಲೆಯಾಗಿ ತೀರಿಹೋದ. ಓಬಮ್ಮ ಹಪ್ಪಳ ಲಟ್ಟಿಸಿ ಮಾರಿ ಮನೆ ನಡೆಸಿದಳು. ಅವಳ ಕೈ ಅದುರುತ್ತಿತ್ತು, ಮುಳ್ಳು ಇಡೋಕೆ ಹೋದರೆ ಜಾರಿ ಪ್ಲೇಟಿನುದ್ದಕ್ಕೂ ಗೀರುತ್ತಿತ್ತು. ಆದರೆ ತಿಪ್ಪೇಶಿ ಆ ಒಂದು ಕೆಲಸವನ್ನು ಅಪ್ಪನ ಹಂಗೇ ಮಾಡೋನು. ಅಷ್ಟು ದಪ್ಪ ಬೆರಳು, ಹೂವಿನ ಮೇಲೆ ಚಿಟ್ಟೆ ಕೂತ ಹಂಗೆ ಮುಳ್ಳು ಇಳಿಸೋನು. ದಿನಕ್ಕೆ ಅರ್ಧ ಗಂಟೆ ಹಾಡು. ಅಷ್ಟು ಹೊತ್ತು ಓಬಮ್ಮ ಕಣ್ಣು ಮುಚ್ಚಿಕೊಂಡು ಚಾಪೆಯ ಒಂದು ಪಕ್ಕಕ್ಕೇ ಕೂರೋಳು, ಇನ್ನೊಂದು ಪಕ್ಕ ಖಾಲಿ ಬಿಟ್ಟು. ಉಳಿದ ಹೊತ್ತೆಲ್ಲ ಹಪ್ಪಳ, ಇಲ್ಲದಿದ್ದರೆ ಗೋಡೆ.

ಒಂದು ದಿನ ಓಬಮ್ಮನ ನಾದಿನಿ ಮನೆಯಿಂದ ಆರು ಸ್ಟೀಲ್ ತಟ್ಟೆ ಬಂದವು. ಓಬಮ್ಮನಿಗೆ ಹಪ್ಪಳದ ಹಿಟ್ಟು ಕುಟ್ಟೋ ಕೆಲಸವಿತ್ತು.

"ತಿಪ್ಪೇಶಿ, ಪ್ಲೇಟೆಲ್ಲ ಚೆನ್ನಾಗಿ ತಿಕ್ಕಿ ತೊಳೆದು ಬಿಸಿಲಿಗೆ ಇಡಪ್ಪ" ಅಂದಳು.

ಅವಳು ಅಂದದ್ದು ಸ್ಟೀಲ್ ತಟ್ಟೆಗೆ, ಆದರೆ ಆ ಮನೆಯಲ್ಲಿ ಉಣ್ಣೋದು ತಟ್ಟೆ, ಹಾಡೋದು ಪ್ಲೇಟು. ತಿಪ್ಪೇಶಿ ಎಂಟು ಹಾಡಿನ ಪ್ಲೇಟನ್ನೂ ಕವರಿನಿಂದ ಎಳೆದ. ಬೂದಿ ಹಾಕಿದ, ತೆಂಗಿನ ನಾರು ಹಿಡಿದ, ಗರಗರ ತಿಕ್ಕಿದ. ತೊಳೆದು ಕಲ್ಲುಬಂಡೆಯ ಮೇಲೆ ಸಾಲಾಗಿ ಇಟ್ಟ. ಚಳ್ಳಕೆರೆಯ ಏಪ್ರಿಲ್ ಬಿಸಿಲು. ಓಬಮ್ಮ ಬಂದು ನೋಡೋ ಹೊತ್ತಿಗೆ ಐದು ಪ್ಲೇಟು ಎಣ್ಣೆಗೆ ಬಿದ್ದ ಹಪ್ಪಳದ ಹಂಗೆ ಮುರುಟಿಕೊಂಡಿದ್ದವು. ನೀರಿನ ಹಂಡೆಯ ನೆರಳು ಬಿದ್ದ ಕಡೆ ಮೂರು ಉಳಿದಿದ್ದವು, ಅವಕ್ಕೂ ಮೈಯೆಲ್ಲ ಗೀರು.

ಓಬಮ್ಮ ಅಲ್ಲೇ ಕೂತುಬಿಟ್ಟಳು. ಒಂದು ಪ್ಲೇಟನ್ನು ಎರಡು ಕೈಯಲ್ಲಿ ಅಮುಕಿ ನೆಟ್ಟಗೆ ಮಾಡೋಕೆ ನೋಡಿದಳು. ಆಗಲಿಲ್ಲ.

"ಇದನ್ನ ಬಿಸಿಲಿಗೆ ಇಡ್ತಾರೇನೋ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನೆ. ತಣ್ಣಗಿರೋ ಜಾಗದಲ್ಲಿ, ಕವರೊಳಗೆ ಹಾಕಿ, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಬೇಕು ಕಣೋ."

"ಆಯ್ತವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ" ಅಂದ ತಿಪ್ಪೇಶಿ.

ಮಾರನೇ ವಾರ ಓಬಮ್ಮ ಬೆಳಗ್ಗೆಯಿಂದ ಬಗ್ಗಿ ಇನ್ನೂರು ಹಪ್ಪಳ ಲಟ್ಟಿಸಿದಳು. ಸೊಂಟ ಹಿಡಿದುಕೊಂಡಿತು.

"ತಿಪ್ಪೇಶಿ, ಇವನ್ನೆಲ್ಲ ಒಣಗೋಕೆ ಇಡಪ್ಪ, ನಾನು ಸ್ವಲ್ಪ ಅಡ್ಡಾಗ್ತೀನಿ" ಅಂದಳು.

ತಿಪ್ಪೇಶಿ ಯೋಚನೆ ಮಾಡಲಿಲ್ಲ, ನೆನಪು ಮಾಡಿಕೊಂಡ. ಐದು ಕವರು ಖಾಲಿ ಇದ್ದವು. ಒಂದೊಂದು ಕವರಿಗೆ ನಲವತ್ತು ಹಸಿ ಹಪ್ಪಳ ತುರುಕಿದ. ನೀರಿನ ಹಂಡೆಯ ಹಿಂದೆ ತಣ್ಣಗಿರೋ ಮೂಲೆಯಲ್ಲಿ ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದ. ಎರಡನೇ ದಿನಕ್ಕೆ ಮನೆಯೆಲ್ಲ ಹುಳಿ ವಾಸನೆ. ಓಬಮ್ಮ ಕವರು ಕೊಡವಿದಳು, ಬಿದ್ದದ್ದು ಹಪ್ಪಳ ಅಲ್ಲ, ಬೂಜು ಹಿಡಿದ ಮುದ್ದೆ. ಕವರಿನ ಮೇಲಿದ್ದ ಹಾಡುಗಾರ್ತಿಯ ಚಿತ್ರದ ಮುಖವೂ ಆ ಮುದ್ದೆಗೆ ಅಂಟಿಕೊಂಡು ಬಂತು.

"ಹಪ್ಪಳನ ಹರವಬೇಕು ಕಣೋ. ಮಂಚದ ಮೇಲೆ ಹರವಿ, ಗಾಳಿಗೆ ಹಾರದಂಗೆ ಮೇಲೊಂದು ಭಾರ ಇಟ್ಟು, ಕೋಲು ಹಿಡ್ಕೊಂಡು ಪಕ್ಕದಲ್ಲಿ ಕೂತು, ಬಂದದ್ದನ್ನ ಹುಶ್ ಅಂತ ಓಡಿಸಬೇಕು."

"ಆಯ್ತವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆ ತಿಂಗಳಲ್ಲೇ ಓಬಮ್ಮನಿಗೆ ಒಂದು ಸಂತೋಷದ ಸುದ್ದಿ ಬಂತು. ಹಿಂದಿನ ಓಣಿಯ ಸಾವಂತ್ರಮ್ಮ, ಮಿಲ್ಲಿನ ಗುಮಾಸ್ತರ ಹೆಂಡತಿ, ನಲ್ಲಿಯ ಹತ್ತಿರ ಸಿಕ್ಕಿ, "ನಿಮ್ಮ ಮನೇಲಿ ಹಾಡಿನ ಪೆಟ್ಟಿಗೆ ಐತಂತಲ್ಲ ಓಬಕ್ಕ, ನಾಳೆ ಬರ್ಲಾ ಕೇಳೋಕೆ?" ಅಂದಳು. ಮಾರಣ್ಣನ ತಿಥಿ ಊಟ ಆದಮೇಲೆ ಆ ಮನೆಯ ಹೊಸಲು ದಾಟಿ ಯಾರೂ ಒಳಗೆ ಬಂದಿರಲಿಲ್ಲ. ಮಾರನೇ ದಿನ ಓಬಮ್ಮ ನೆಲ ಸಾರಿಸಿದಳು. ಚಾಪೆ ಕೊಡವಿ ಹಾಸಿದಳು. ಎರಡು ಲೋಟ ಒರೆಸಿ ಇಟ್ಟಳು. ನೋಡಿದರೆ ಕಾಫಿಪುಡಿ ಇಲ್ಲ.

"ಅಂಗಡಿಗೆ ಹೋಗಿ ಬರ್ತೀನಿ. ಸಾವಂತ್ರಮ್ಮ ಬರೋದ್ರೊಳಗೆ ಪ್ಲೇಟು ಹೊರಗೆ ತೆಗೆದಿಟ್ಟಿರು" ಅಂದು ಹೊರಟಳು.

ತಿಪ್ಪೇಶಿ ಉಳಿದ ಮೂರು ಪ್ಲೇಟನ್ನು ಮಂಚದ ಮೇಲೆ ಹರವಿದ. ಗಾಳಿಗೆ ಹಾರಿಹೋಗದಂಗೆ ರುಬ್ಬುಗುಂಡು ತಂದು ಧೊಪ್ಪನೆ ಮೇಲಿಟ್ಟ. ಕೋಲು ಹಿಡಿದು ಪಕ್ಕದಲ್ಲಿ ಕೂತ. ಸಾವಂತ್ರಮ್ಮ ಹೂ ಮುಡಿದುಕೊಂಡು ನಗುತ್ತಾ ಬಂದಳು.

"ಹುಶ್" ಅಂದ ತಿಪ್ಪೇಶಿ.

"ನಾನು ಕಣಪ್ಪ, ಸಾವಂತ್ರಮ್ಮ. ಅವ್ವ ಇಲ್ವಾ?"

"ಹುಶ್, ಹುಶ್" ಅಂದು ಎದ್ದ. ಅವಳು ಹಿಂದೆ ಸರಿದಳು, ಇವನು ಮುಂದೆ ಬಂದ. ಅವಳು ಓಣಿಗೆ ಇಳಿದಳು, ಇವನು ಓಣಿಯ ತಿರುವಿನತನಕ ಕೋಲು ಆಡಿಸಿಕೊಂಡು ಹೋಗಿ ಬಿಟ್ಟು ಬಂದ.

ಓಬಮ್ಮ ಕಾಫಿಪುಡಿ ತಂದಾಗ ಎರಡು ಪ್ಲೇಟು ಸೀಳಿಹೋಗಿದ್ದವು, ಉಳಿದದ್ದು ಒಂದೇ. ಮಗ ಓಡಿಸಿದ್ದು ತಿಳಿದು ಸಾವಂತ್ರಮ್ಮನ ಮನೆಗೆ ಹೋಗಿ ಕದ ತಟ್ಟಿದಳು. ಒಳಗೆ ಮಾತು ಕೇಳುತ್ತಿತ್ತು, ಕದ ತೆರೆಯಲಿಲ್ಲ. ವಾಪಸ್ಸು ಬಂದು ಕಾಫಿ ಕಾಯಿಸಿ, ಯಾಕೋ ಎರಡೂ ಲೋಟಕ್ಕೆ ಬಗ್ಗಿಸಿದಳು. ಒಂದು ಕುಡಿದಳು. ಇನ್ನೊಂದು ಆರಿ ಕೆನೆಗಟ್ಟಿತು.

"ಮನೆಗೆ ಬಂದೋರನ್ನ ಓಡಿಸ್ತಾರೇನೋ" ಅಂದಳು. "ಕೈ ಹಿಡಿದು ಒಳಗೆ ಕರ್ಕೊಂಡು ಬಂದು, ಚಾಪೆ ಮೇಲೆ ಕೂರಿಸಿ, ಹಾಡು ಹಾಕಬೇಕು. ಹಾಡು ಮುಗಿಯೋವರೆಗೂ ಅವರನ್ನ ಏಳೋಕೆ ಬಿಡಬಾರದು."

"ಆಯ್ತವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಅದಾದ ಮೇಲೆ ಬಂದವನು ಕರೆಂಟಿನ ಮೀಟರ್ ಓದೋನು. ಓಬಮ್ಮ ಹೋಟೆಲಿಗೆ ಹಪ್ಪಳ ಕೊಡೋಕೆ ಹೋಗಿದ್ದಳು. ತಿಪ್ಪೇಶಿ ಅವನ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದ, ಚಾಪೆಯ ಮೇಲೆ ಕೂರಿಸಿದ, ಇದ್ದ ಒಂದು ಪ್ಲೇಟು ಹಾಕಿದ. ಪಾಪ, ಮೊದಮೊದಲು ಆ ಮನುಷ್ಯನಿಗೂ ಖುಷಿಯೇ ಆಯಿತು. ಬಿಸಿಲಲ್ಲಿ ಅಲೆದು ಬಂದವನು ಕಾಲು ಚಾಚಿದ, ತಲೆ ತೂಗಿದ.

ಆದರೆ ಬೂದಿ ತಿಕ್ಕಿದ ಗೀರಿನಲ್ಲಿ ಮುಳ್ಳು ಸಿಕ್ಕಿಕೊಂಡಿತು. ಹಾಡುಗಾರ್ತಿ "ಎಂದಿಗೆ" ಅನ್ನೋಳು, ಮತ್ತೆ "ಎಂದಿಗೆ" ಅನ್ನೋಳು, ಅದರ ಮುಂದಿನ ಮಾತು ಬರಲೇ ಇಲ್ಲ.

"ಪ್ಲೇಟು ಕೆಟ್ಟೈತಪ್ಪ. ನಾನು ಹೊರಡ್ತೀನಿ."

"ಹಾಡು ಮುಗಿದಿಲ್ಲ ಸಾರ್" ಅಂದು ತಿಪ್ಪೇಶಿ ಅವನ ಭುಜದ ಮೇಲೆ ಕೈಯಿಟ್ಟ. ಆ ಕೈಯ ಭಾರಕ್ಕೆ ಅವನು ಮತ್ತೆ ಕೂತ.

ಹನ್ನೊಂದಾಯಿತು, ಎಂದಿಗೆ. ಒಂದು ಗಂಟೆಯಾಯಿತು, ಎಂದಿಗೆ. ಮೂರಕ್ಕೆ ಓಬಮ್ಮ ಬಂದಾಗ ಆ ಮನುಷ್ಯ ಗೋಡೆಗೆ ಒರಗಿ ತಾನೂ ಸಣ್ಣಗೆ "ಎಂದಿಗೆ, ಎಂದಿಗೆ" ಅನ್ನುತ್ತಿದ್ದ. ಬಿಟ್ಟದ್ದೇ ತಡ, ಮೀಟರ್ ಕೂಡ ನೋಡದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋದ.

"ಹೇಳಿದ್ದೇ ಹೇಳ್ತಿದ್ರೆ ಸಿಕ್ಕಿಕೊಂಡೈತೆ ಅಂತ ತಿಳೀಬೇಕು ಕಣೋ" ಅಂದಳು ಓಬಮ್ಮ. "ಮೆಲ್ಲಗೆ ಎತ್ತಿ, ಒಂದಿಷ್ಟು ಮುಂದಕ್ಕೆ ಇಡಬೇಕು. ಆಗ ತಾನೇ ಮುಂದಿನ ಹಾಡು ಬರ್ತೈತೆ."

"ಆಯ್ತವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆದರೆ ಅಷ್ಟು ಹೊತ್ತು ಒಂದೇ ಗೀರಿನಲ್ಲಿ ತಿರುಗಿ ಮುಳ್ಳು ಸವೆದುಹೋಗಿತ್ತು. ಮಾರನೇ ದಿನ ಹಾಕಿದರೆ ಬರೀ ಗೊರಗೊರ. ರೇಡಿಯೋ ರಿಪೇರಿ ಅಂಗಡಿಯವನು, "ಆ ಮುಳ್ಳು ಈಗ ಬರಲ್ಲಮ್ಮ" ಅಂದುಬಿಟ್ಟ. ಓಬಮ್ಮ ಪೆಟ್ಟಿಗೆ ಮುಚ್ಚಿ ಮೇಲೊಂದು ಟವೆಲ್ ಹೊದಿಸಿದಳು.

ಆಮೇಲೆ ಮಧ್ಯಾಹ್ನ ಬಂದರೆ ಅವಳಿಗೆ ಏನು ಮಾಡಬೇಕು ಅನ್ನೋದೇ ತಿಳಿಯುತ್ತಿರಲಿಲ್ಲ. ಉಂಡು ಚಾಪೆ ಹಾಸೋಳು, ಪಕ್ಕಕ್ಕೆ ಕೂರೋಳು. ಮಿಲ್ಲಿನ ಸದ್ದು, ಕಾಗೆ ಸದ್ದು. ನಾಲ್ಕು ದಿನ ತಡೆದಳು. ಐದನೇ ದಿನ ಅಳು ಬಂತು.

"ನನ್ನ ಕೇಳೋರ್ಯಾರಿದಾರೆ" ಅಂದಳು ಗೋಡೆಗೆ. "ನನ್ನ ಕೇಳೋರ್ಯಾರಿದಾರೆ." ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಅದನ್ನೇ ಅಂದಳು.

ಬಾಗಿಲಲ್ಲಿ ಕೂತಿದ್ದ ತಿಪ್ಪೇಶಿ ಕಿವಿಗೊಟ್ಟು ಕೇಳಿದ. ಒಂದು ಸಲ, ಎರಡು ಸಲ, ಮೂರು ಸಲ. ಎದ್ದು ಬಂದ. ಅವ್ವನನ್ನು ಮೆಲ್ಲಗೆ, ಮುಳ್ಳು ಎತ್ತಿದಷ್ಟೇ ಮೆಲ್ಲಗೆ, ಎರಡೂ ಕೈಯಲ್ಲಿ ಎತ್ತಿ, ಒಂದಿಷ್ಟು ಮುಂದಕ್ಕೆ, ಹೊಸಲಿನ ಹತ್ತಿರ ಇಟ್ಟ.

"ಏನೋ ಇದು? ಬಿಡೋ. ಈ ಮನೇಲಿ ನನ್ನ ಮಾತು ಕೇಳೋರ್ಯಾರಿದಾರೆ" ಅಂದಳು.

ಇನ್ನೂ ಸಿಕ್ಕಿಕೊಂಡೇ ಇದೆ. ಎತ್ತಿ ಜಗಲಿಯ ಮೇಲಿಟ್ಟ.

"ಓಣಿಯೋರು ನೋಡ್ತಾರೆ ಕಣೋ. ಅಯ್ಯೋ, ಬೇಡ ಅಂದ್ರೆ ಕೇಳೋರ್ಯಾರಿದಾರೆ."

ಎತ್ತಿ ನಲ್ಲಿಯ ಕಟ್ಟೆಯ ಮೇಲಿಟ್ಟ. ಅಲ್ಲಿಂದ ಮಿಲ್ಲಿನ ಗೇಟು, ಮಿಲ್ಲಿನ ಗೇಟಿನಿಂದ ಹುಣಸೆಮರ. ಮಂಡಿ ನೋವಿನವಳು, ಇಳಿದು ಓಡೋ ಹಂಗಿಲ್ಲ. ಕೊನೆಗೆ ರೈಲ್ವೆ ಗೇಟು ಬಂತು. ಗೇಟು ಹಾಕಿತ್ತು. ತಿಪ್ಪೇಶಿ ಅವ್ವನನ್ನು ಎದೆಗೆ ಒತ್ತಿಕೊಂಡು ನಿಂತ, ಅವನ ಬೆವರು ಅವಳ ಹಣೆಗೆ ತೊಟ್ಟಿಕ್ಕಿತು. ಅವನು ಕೂಸಾಗಿದ್ದಾಗ ಅವಳು ಹೊತ್ತದ್ದು. ದೊಡ್ಡವಳಾದ ಮೇಲೆ ಅವಳನ್ನು ಹೊತ್ತವರು ಇದುವರೆಗೆ ಯಾರೂ ಇರಲಿಲ್ಲ.

ಓಬಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು. ಆಮೇಲೆ ಅವನ ದಾರಿಯಲ್ಲೇ ಹೋಗಿ ನೋಡೋಣ ಅಂದುಕೊಂಡಳು.

"ಮುಂದಕ್ಕೆ ಜಾಗ ಇಲ್ಲ ಮಗ. ಮುಗೀತು. ಹಾಡು ಮುಗಿದ ಮೇಲೆ ಏನು ಮಾಡ್ತೀಯ?"

"ಎತ್ತಿ ಮೊದಲಿಂದ ಇಡ್ತೀನಿ."

"ಹಂಗೇ ಮಾಡಪ್ಪ" ಅಂದಳು. ಮನೆಗೆ ಹೋಗಬಹುದು ಅಂತ ಉಸಿರುಬಿಟ್ಟಳು.

ತಿಪ್ಪೇಶಿ ತಿರುಗಿದ. ಹುಣಸೆಮರ ದಾಟಿದ, ಮಿಲ್ಲು ದಾಟಿದ, ನಲ್ಲಿ ದಾಟಿದ. ಮನೆ ಬಂತು. ಬಾಗಿಲು ತೆರೆದೇ ಇತ್ತು, ಚಾಪೆ ಕಾಣುತ್ತಿತ್ತು.

"ಇಲ್ಲೇ, ಇಳಿಸು" ಅಂದಳು.

ಅವನು ನಿಲ್ಲಲಿಲ್ಲ.

"ಇದು ನಡುವೆ ಅವ್ವ. ಇಲ್ಲಿಗೆ ನೀನು ಮದುವೆಯಾಗಿ ಬಂದದ್ದಲ್ವ? ಮೊದಲು ಅಂದ್ರೆ ಹುಣಸೆಕಟ್ಟೆ. ನೀನು ಹುಟ್ಟಿದ್ದು ಅಲ್ಲಿ ತಾನೆ?"

ಹುಣಸೆಕಟ್ಟೆ ಅನ್ನೋ ಹಳ್ಳಿ ಅಲ್ಲಿಂದ ಆರು ಮೈಲಿ. ಓಬಮ್ಮ ತನ್ನ ತಾಯಿ ಸತ್ತಮೇಲೆ ಹನ್ನೊಂದು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಹುಟ್ಟಿದ ಮನೆ ಬಿದ್ದುಹೋಗಿ ಅಲ್ಲಿ ಯಾರೋ ಹುಲ್ಲಿನ ಬಣವೆ ಒಟ್ಟಿದ್ದಾರೆ ಅಂತ ಕೇಳಿದ್ದಳು. ಅಲ್ಲಿ ಯಾರೂ ಇಲ್ಲ ಕಣೋ ಅನ್ನೋಕೆ ಬಾಯಿ ತೆರೆದಳು. ಹಂಗಂದರೆ ಮತ್ತೆ ಸಿಕ್ಕಿಕೊಂಡಿತು ಅಂದುಕೊಂಡು ಎಲ್ಲಾದರೂ ಬಯಲಲ್ಲಿ ಇಟ್ಟುಬಿಟ್ಟಾನು ಅಂತ ಬಾಯಿ ಮುಚ್ಚಿದಳು. ಅವನ ಕುತ್ತಿಗೆಗೆ ಕೈ ಸುತ್ತಿದಳು. ಊರು ಮುಗಿಯಿತು. ಎರಡೂ ಕಡೆ ಕಡ್ಲೆಕಾಯಿ ಹೊಲ, ಮೇಲೆ ಬಿಸಿಲು, ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಕವಲುದಾರಿಯಲ್ಲಿ ತಿಪ್ಪೇಶಿ ನಿಂತು ಆ ಕಡೆ ಈ ಕಡೆ ನೋಡಿದ.

"ಎಡಕ್ಕೆ" ಅಂದಳು ಓಬಮ್ಮ. "ಕೆರೆ ಏರಿ ಮೇಲೆ ಹೋಗಬೇಕು."