ಆಚಾರ್ಯರು ಹೇಳಿಕೊಟ್ಟ ಒಬ್ಬಟ್ಟು

"ಹೆಂಡತಿಗೆ ಗಂಡನ ವಿದ್ಯೆಯೇ ವಿದ್ಯೆ, ಗಂಡನ ಸಂಪಾದನೆಯೇ ಸಂಪಾದನೆ. ತನ್ನದು ಅಂತ ಬೇರೆ ಇರಕೂಡದು. ಏನು ತಿಳಿಯಬೇಕಿದ್ದರೂ ಗಂಡನನ್ನು ಕೇಳಬೇಕು!" ಎಂದು ರಾಜಗುರು ತಿಮ್ಮಣಾಚಾರ್ಯರು ಹಾಲುಗೊಂಡಿಯ ಆಸ್ಥಾನದಲ್ಲಿ ಗುಡುಗಿದರು.

ದೊರೆ ಕೆಂಚನಾಯಕನಿಗೆ ಧರ್ಮವೆಂದರೆ ಭಯ, ಆಚಾರ್ಯರೆಂದರೆ ಇನ್ನೂ ಭಯ. "ಹಾಗಾದರೆ ಭಾಗೀರತಮ್ಮನ ಜಗಲಿ ಪಾಠ ನಾಡಿದ್ದಿನಿಂದ ಬಂದ್" ಎಂದುಬಿಟ್ಟ.

ಆಸ್ಥಾನದ ವಿದೂಷಕ ಸಂಕಪ್ಪಯ್ಯ ತಟ್ಟನೆ ಎದ್ದು ಮುಂದೆ ಬಂದ. ಭಾಗೀರತಮ್ಮ ಅವನ ಒಡಹುಟ್ಟಿದವಳು. ಗಂಡ ಲಕ್ವ ಹೊಡೆದು ಮಲಗಿ ಮೂರು ವರ್ಷ, ಮಾತೂ ಬಿದ್ದುಹೋಗಿತ್ತು. ಊರ ಹೆಣ್ಣುಮಕ್ಕಳಿಗೆ ಅಕ್ಷರ ಹೇಳಿಕೊಟ್ಟು, ಅವರು ತರುವ ಅಕ್ಕಿಯಲ್ಲಿ ಗಂಜಿ ಕಾಯಿಸುತ್ತಿದ್ದಳು. ಗಂಡನನ್ನು ಕೇಳು ಎಂದರೆ ಆ ಗಂಡ ಏನು ಹೇಳಿಯಾನು?

ಸಂಕಪ್ಪಯ್ಯ ಕೈಮುಗಿದ. "ಎಂಥ ಮಾತು, ಪ್ರಭು! ಆದರೆ ಇದು ಗುರುಗಳ ಮನೆಯಿಂದಲೇ ಶುರುವಾದರೆ ಶೋಭೆ. ನಾಳೆ ಹೇಗೂ ತಾವು ಅಲ್ಲಿಗೆ ಊಟಕ್ಕೆ ಹೋಗುತ್ತೀರಿ. ಗುರುಪತ್ನಿ ಕಾವೇರಮ್ಮನವರು ತಮ್ಮ ಬುದ್ಧಿ ಬದಿಗಿಟ್ಟು, ಎಲ್ಲವನ್ನೂ ಯಜಮಾನರನ್ನು ಕೇಳಿಯೇ ಅಡುಗೆ ಮಾಡಲಿ."

"ಅದೇನು ಮಹಾ! ನಾಲ್ಕು ಶಾಸ್ತ್ರ ಅರಗಿಸಿಕೊಂಡವನಿಗೆ ಒಬ್ಬಟ್ಟು ಒಂದು ಲೆಕ್ಕವೇ?" ಎಂದರು ಆಚಾರ್ಯರು.

ಮರುದಿನ ಜಪಕ್ಕೆ ಕೂತಿದ್ದೇ ತಡ, ಹೆಂಡತಿ ಬಾಗಿಲಲ್ಲಿ.

"ಏನೂಂದ್ರೆ, ಬೇಳೆ ಎಷ್ಟು ಬೇಯಬೇಕು?"

"ಬೇಯುವಷ್ಟು!"

"ಏನೂಂದ್ರೆ, ಬೆಲ್ಲ ಯಾವಾಗ ಹಾಕಲಿ?"

"ಬೇಳೆಯ ಜೊತೆಗೇ ಹಾಕು. ಸಿಹಿ ಚೆನ್ನಾಗಿ ಹಿಡಿಯುತ್ತದೆ."

"ಏನೂಂದ್ರೆ, ಕಣಕ ಮತ್ತು ಹೂರಣ, ಯಾವುದರೊಳಗೆ ಯಾವುದು?"

ಆಚಾರ್ಯರ ಜಪಮಾಲೆ ನಿಂತಿತು. ಅರವತ್ತು ವರ್ಷ ಒಬ್ಬಟ್ಟು ತಿಂದಿದ್ದರು, ಬಿಡಿಸಿ ನೋಡಿರಲಿಲ್ಲ. "ಕಣಕ ಬಿಳಿ, ಸಾತ್ವಿಕ. ಸಾತ್ವಿಕವಾದದ್ದು ಯಾವಾಗಲೂ ಒಳಗಿರಬೇಕು. ಕಣಕವನ್ನೇ ಹೂರಣದೊಳಗೆ ತುಂಬು!"

"ನೀವು ಹೇಳಿದ ಹಾಗೆ" ಎಂದು ಕಾವೇರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ದೊರೆಯ ಎಲೆಗೆ ಕಾವಲಿಯಿಂದ ಕೆರೆದು ತೆಗೆದ ಒಂದು ಕರೀ ಮುದ್ದೆ ಬಂತು. ಬೆಲ್ಲ ಕುಡಿದು ಬೇಯದೇ ಉಳಿದ ಬೇಳೆ, ನಡುವೆ ಹಸಿ ಹಿಟ್ಟಿನ ಉಂಡೆ. ದೊರೆ ಕಚ್ಚಿದ. ಕಟಕ್!

"ಅಯ್ಯಯ್ಯೋ, ನನ್ನ ದವಡೆ! ಇದು ಯಾರ ಕೈಯಡುಗೆ?"

"ಕೈ ನನ್ನದು ಸ್ವಾಮಿ, ವಿದ್ಯೆ ಯಜಮಾನರದು" ಎಂದಳು ಕಾವೇರಮ್ಮ ಬಾಗಿಲ ಮರೆಯಿಂದ.

ಆಚಾರ್ಯರು ಉರಿದೆದ್ದರು. "ನಲವತ್ತು ವರ್ಷ ಒಬ್ಬಟ್ಟು ತಟ್ಟಿದವಳು! ನಿನಗೆ ಗೊತ್ತಿರಲಿಲ್ಲವೇನೇ?"

"ಗೊತ್ತಿತ್ತು. ಗೊತ್ತಿರಕೂಡದು ಅಂದಿರಲ್ಲ."

ದೊರೆ ಕೆನ್ನೆ ಒತ್ತಿಕೊಂಡು ತಿರುಗಿದ. "ಸಂಕಪ್ಪಯ್ಯ, ಇದೆಲ್ಲ ನಿನ್ನದೇ ಕಿತಾಪತಿ. ಏನು ಹೇಳುತ್ತೀಯೋ?"

"ಏನಿಲ್ಲ ಪ್ರಭು. ಹೆಂಗಸರಿಗೆ ಸ್ವಂತ ವಿದ್ಯೆ ಇದ್ದರೆ ಗಂಡಸರಿಗೇ ದೊಡ್ಡ ಉಪಕಾರ. ನಮ್ಮ ಅಜ್ಞಾನವನ್ನು ಎಲೆ ಹಾಕಿ ನೆಂಟರಿಗೆ ಬಡಿಸಬೇಕಾಗಿ ಬರುವುದಿಲ್ಲ."

ದೊರೆ ನೋವು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾಗೀರತಮ್ಮನ ಪಾಠ ನಡೆಯಲಿ. ಇನ್ನು ಮೇಲೆ ಅವಳ ಅಕ್ಕಿ ಅರಮನೆಯಿಂದಲೇ ಹೋಗಲಿ. ಏನಂತೀರಿ, ಗುರುಗಳೇ?"

ಆಚಾರ್ಯರು ಬಾಯಿ ಬಿಡಲು ಒದ್ದಾಡುತ್ತಿದ್ದರು. ಗಾಬರಿಯಲ್ಲಿ ಅವರೂ ಒಂದು ತುತ್ತು ಬಾಯಿಗೆ ಹಾಕಿಕೊಂಡಿದ್ದರು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಅಂಟಿಕೊಂಡಿದ್ದವು.